ಬಾಡಿಗೆ ಮನೆಯ ವೈರಿಂಗ್: ವಿದನ್‌ಶಾದ ಕನ್ನಡಿಗರಿಗೆ ಒಂದು ಮಾರ್ಗದರ್ಶಿ

ಇಂಗ್ಲೆಂಡಿಗೆ ಬಂದಿಳಿದ ಕನ್ನಡ ಕುಟುಂಬಗಳ ಮೊದಲ ಚಳಿಗಾಲದಲ್ಲಿ ಒಂದು ಪ್ರಸಂಗ ಮತ್ತೆ ಮತ್ತೆ ನಡೆಯುತ್ತದೆ. ಸಂಜೆ ಕೆಲಸದಿಂದ ಬಂದವರು ಹೀಟರ್ ಹಚ್ಚುತ್ತಾರೆ. ಅಡುಗೆಮನೆಯಲ್ಲಿ ಅನ್ನದ ಕುಕ್ಕರ್ ಕುದಿಯುತ್ತಿರುತ್ತದೆ. ಚಟ್ನಿಗೆಂದು ಊರಿನಿಂದ ತಂದ ಮಿಕ್ಸಿಯನ್ನು ಅದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿ ತಿರುಗಿಸಿದೊಡನೆ ಮನೆಯೆಲ್ಲ ಕತ್ತಲಾಗುತ್ತದೆ. ಪೆಟ್ಟಿಗೆ ತೆರೆದು ಬಿದ್ದ ಸ್ವಿಚ್ಚನ್ನು ಮೇಲೆತ್ತಿದರೆ ಬೆಳಕು ಬರುತ್ತದೆ. ಮರುವಾರ ಮತ್ತೆ ಅದೇ ಕತ್ತಲು. ಕ್ರಮೇಣ ಮನೆಯವರು ಹೀಟರ್ ಇದ್ದಾಗ ಮಿಕ್ಸಿ ಬೇಡ, ಮಿಕ್ಸಿ ಇದ್ದಾಗ ಹೀಟರ್ ಬೇಡ ಎಂಬ ಒಪ್ಪಂದಕ್ಕೆ ಬರುತ್ತಾರೆ. ಗೋಡೆಯೊಳಗೆ ಏನಾಗುತ್ತಿದೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ.

ಈ ಪ್ರಶ್ನೆಗೆ ಮೂರು ಉತ್ತರಗಳು ಸಾಧ್ಯ. ದೋಷ ಉಪಕರಣದಲ್ಲಿರಬಹುದು, ನಾವು ಅದನ್ನು ಬಳಸುವ ರೀತಿಯಲ್ಲಿರಬಹುದು, ಅಥವಾ ಮನೆಯ ವೈರಿಂಗ್‌ನಲ್ಲಿರಬಹುದು. ಮೊದಲೆರಡಕ್ಕೆ ಬಾಡಿಗೆದಾರರೇ ಹೊಣೆ. ಮೂರನೆಯದಕ್ಕೆ ಮನೆಯ ಮಾಲೀಕರು. ಯಾವುದು ಯಾವುದೆಂದು ಬೇರ್ಪಡಿಸಿ ನೋಡುವುದು, ಮಾಲೀಕರ ಹೊಣೆಯಾದ ಕೆಲಸವನ್ನು ಕಾನೂನಿನ ಬಲದಿಂದ ಮಾಡಿಸಿಕೊಳ್ಳುವುದು ಹೇಗೆ ಎಂಬುದು ಈ ಲೇಖನದ ವಿಷಯ. ವಿದನ್‌ಶಾವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದರೂ ಇಲ್ಲಿ ಹೇಳಿರುವುದು ಬರ್ಮಿಂಗ್‌ಹ್ಯಾಮ್, ಲೀಡ್ಸ್ ಸೇರಿದಂತೆ ಇಂಗ್ಲೆಂಡಿನ ಎಲ್ಲ ಊರುಗಳಿಗೂ ಸಲ್ಲುತ್ತದೆ. ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ಗಳ ಕಾನೂನುಗಳು ಬೇರೆ.

ಊರು ಮತ್ತು ಅದರ ಮನೆಗಳು

ವಿದನ್‌ಶಾ ಮ್ಯಾಂಚೆಸ್ಟರ್ ನಗರದ ದಕ್ಷಿಣದ ಅಂಚಿನಲ್ಲಿದೆ. ನಗರದ ಕೊಳೆಗೇರಿಗಳಲ್ಲಿ ಇಕ್ಕಟ್ಟಿನಲ್ಲಿ ಬದುಕುತ್ತಿದ್ದ ಕಾರ್ಮಿಕ ಕುಟುಂಬಗಳಿಗೆ ಗಾಳಿ ಬೆಳಕಿನ ಮನೆ ಕೊಡಬೇಕೆಂದು ಮ್ಯಾಂಚೆಸ್ಟರ್ ಕಾರ್ಪೊರೇಷನ್ ಇಲ್ಲಿನ ಜಮೀನನ್ನು 1926ರಲ್ಲಿ ಕೊಂಡಿತು. ಅದೇ ವರ್ಷ ಅರ್ನೆಸ್ಟ್ ಮತ್ತು ಶೀನಾ ಸೈಮನ್ ದಂಪತಿ ವಿದನ್‌ಶಾ ಹಾಲ್ ಮತ್ತು ಅದರ ಸುತ್ತಲಿನ ಉದ್ಯಾನವನ್ನು ಕೊಂಡು ನಗರಕ್ಕೆ ದಾನವಾಗಿ ಕೊಟ್ಟರು. ಲೆಚ್‌ವರ್ತ್ ಉದ್ಯಾನನಗರಿಯ ವಿನ್ಯಾಸಕಾರರಲ್ಲಿ ಒಬ್ಬರಾದ ಬ್ಯಾರಿ ಪಾರ್ಕರ್ ಈ ಹೊಸ ಊರಿನ ನಕ್ಷೆಯನ್ನು ರೂಪಿಸಿದರು. ಅದುವರೆಗೆ ಚೆಷೈರ್‌ಗೆ ಸೇರಿದ್ದ ಪ್ರದೇಶ 1931ರಲ್ಲಿ ಮ್ಯಾಂಚೆಸ್ಟರ್‌ನ ಭಾಗವಾಯಿತು. ಬೆಂಚಿಲ್, ಬ್ಯಾಗುಲಿ, ಶಾರ್ಸ್ಟನ್, ವುಡ್‌ಹೌಸ್ ಪಾರ್ಕ್ ಮುಂತಾದ ಬಡಾವಣೆಗಳು ಎರಡನೆಯ ಮಹಾಯುದ್ಧದ ಮೊದಲೂ ಅನಂತರವೂ ಬೆಳೆದವು. ಇಂದು ವಿದನ್‌ಶಾ ಆಸ್ಪತ್ರೆಯೂ ಪಕ್ಕದ ವಿಮಾನ ನಿಲ್ದಾಣವೂ ಸಾವಿರಾರು ಜನರಿಗೆ ಕೆಲಸ ಕೊಟ್ಟಿವೆ. ಭಾರತದಿಂದ ಬಂದ ವೈದ್ಯರು, ದಾದಿಯರು ಈ ಸುತ್ತಿನಲ್ಲಿಯೇ ಬಾಡಿಗೆ ಮನೆ ಹುಡುಕುವುದು ಸಹಜ.

ಈ ಇತಿಹಾಸಕ್ಕೂ ನಮ್ಮ ವಿಷಯಕ್ಕೂ ಎರಡು ಸಂಬಂಧಗಳಿವೆ. ಮೊದಲನೆಯದು ಮನೆಗಳ ವಯಸ್ಸು. ಎರಡು ಮಹಾಯುದ್ಧಗಳ ನಡುವೆ ಕಟ್ಟಿದ ಮನೆಗಳಲ್ಲಿ ವಿದ್ಯುತ್ತು ಇದ್ದುದು ಮುಖ್ಯವಾಗಿ ದೀಪಕ್ಕೆ. ವಾಷಿಂಗ್ ಮೆಷಿನ್, ಮೈಕ್ರೋವೇವ್, ವಿದ್ಯುತ್ ಷವರ್ ಯಾವುದೂ ಆ ಲೆಕ್ಕದಲ್ಲಿ ಇರಲಿಲ್ಲ. ಮುಂದೆ ಹೊಸ ತಂತಿಗಳು ಬಂದಿವೆ, ಆದರೆ ಒಂದೇ ಕಾಲಕ್ಕೆ, ಒಂದೇ ಕೈಯಿಂದ ಬಂದಿಲ್ಲ. ಎರಡನೆಯದು ಒಡೆತನ. 1980ರ ವಸತಿ ಕಾಯಿದೆಯ ಬಳಿಕ ಇಂಗ್ಲೆಂಡಿನ ಎಷ್ಟೋ ಕೌನ್ಸಿಲ್ ಮನೆಗಳನ್ನು ಅಲ್ಲಿದ್ದ ಬಾಡಿಗೆದಾರರೇ ಕೊಂಡರು. ಅವುಗಳಲ್ಲಿ ಹಲವು ಕೈ ಬದಲಾಗಿ ಇಂದು ಖಾಸಗಿ ಬಾಡಿಗೆಗೆ ಇವೆ. ಒಂದೇ ಸಾಲಿನಲ್ಲಿ, ನೋಡಲು ಒಂದೇ ತೆರನಾದ ಮನೆಗಳಲ್ಲಿ ಒಂದರಲ್ಲಿ ಮಾಲೀಕರೇ ವಾಸವಿರಬಹುದು, ಇನ್ನೊಂದು ಹೌಸಿಂಗ್ ಅಸೋಸಿಯೇಷನ್‌ನದಾಗಿರಬಹುದು, ಮತ್ತೊಂದನ್ನು ಖಾಸಗಿ ಮಾಲೀಕರು ಬಾಡಿಗೆಗೆ ಕೊಟ್ಟಿರಬಹುದು. ಆದ್ದರಿಂದ ಮೊದಲು ತಿಳಿದುಕೊಳ್ಳಬೇಕಾದದ್ದು ನಿಮ್ಮ ಕರಾರುಪತ್ರದಲ್ಲಿ ಮಾಲೀಕರೆಂದು ಯಾರ ಹೆಸರಿದೆ ಎಂಬುದು. ಲೆಟಿಂಗ್ ಏಜೆಂಟ್ ಮಾಲೀಕರ ಪ್ರತಿನಿಧಿ ಮಾತ್ರ.

ದುಂಡು ಪಿನ್ನೂ ಚಪ್ಪಟೆ ಪಿನ್ನೂ

ಕರ್ನಾಟಕದ ಮನೆಗಳಲ್ಲಿರುವ ದುಂಡು ಪಿನ್ನಿನ ಪ್ಲಗ್ಗು ಮೂಲತಃ ಬ್ರಿಟಿಷರದೇ. ನಮ್ಮ 5 ಆಂಪಿಯರ್, 15 ಆಂಪಿಯರ್ ಸಾಕೆಟ್ಟುಗಳು ಬಿಎಸ್ 546 ಎಂಬ ಹಳೆಯ ಬ್ರಿಟಿಷ್ ಮಾನಕದಿಂದ ಬಂದವು. ಬ್ರಿಟನ್ ಅದನ್ನು ಕೈಬಿಟ್ಟಿತು, ನಾವು ಉಳಿಸಿಕೊಂಡೆವು.

ಬಿಟ್ಟದ್ದಕ್ಕೆ ಕಾರಣವಿತ್ತು. ಯುದ್ಧಾನಂತರ ಲಕ್ಷಾಂತರ ಮನೆಗಳನ್ನು ಕಟ್ಟಬೇಕಾಗಿತ್ತು, ತಾಮ್ರ ದುರ್ಲಭವಾಗಿತ್ತು. 1944ರಲ್ಲಿ ಹೊರಬಂದ ಒಂದು ಸಮಿತಿಯ ವರದಿ ಹೊಸ ವ್ಯವಸ್ಥೆಯೊಂದಕ್ಕೆ ಶಿಫಾರಸು ಮಾಡಿತು. ಮಹಿಳೆಯರ ವಿದ್ಯುತ್ ಸಂಘದ ನಿರ್ದೇಶಕಿಯಾಗಿದ್ದ ಕ್ಯಾರೊಲಿನ್ ಹ್ಯಾಸ್ಲೆಟ್ ಆ ಸಮಿತಿಯ ಏಕೈಕ ಮಹಿಳಾ ಸದಸ್ಯೆ. ಪ್ರತಿ ಸಾಕೆಟ್ಟಿಗೂ ಪೆಟ್ಟಿಗೆಯಿಂದ ಬೇರೆ ಬೇರೆ ತಂತಿ ಎಳೆಯುವ ಬದಲು, ಒಂದೇ ತಂತಿ ಪೆಟ್ಟಿಗೆಯಿಂದ ಹೊರಟು ಎಲ್ಲ ಸಾಕೆಟ್ಟುಗಳನ್ನೂ ಸುತ್ತಿ ಮತ್ತೆ ಪೆಟ್ಟಿಗೆಗೇ ಮರಳುವ ವ್ಯವಸ್ಥೆ ಬಳಕೆಗೆ ಬಂತು. ಇದನ್ನೇ ರಿಂಗ್ ಸರ್ಕ್ಯೂಟ್ ಎನ್ನುತ್ತಾರೆ. ಅದಕ್ಕೆ ತಕ್ಕ ಚಪ್ಪಟೆ ಪಿನ್ನಿನ, ಒಳಗೇ ಫ್ಯೂಸ್ ಇರುವ ಪ್ಲಗ್ಗು, ಅಂದರೆ ಬಿಎಸ್ 1363, 1947ರಲ್ಲಿ ಮಾನಕವಾಯಿತು.

ಪ್ಲಗ್ಗಿನೊಳಗೆ ಫ್ಯೂಸ್ ಏಕೆ ಎಂಬುದನ್ನು ತಿಳಿದರೆ ಅರ್ಧ ಅಪಾಯ ಅರ್ಥವಾಗುತ್ತದೆ. ರಿಂಗ್ ಸರ್ಕ್ಯೂಟನ್ನು ಕಾಯುವ ಬ್ರೇಕರ್ ಸಾಮಾನ್ಯವಾಗಿ 32 ಆಂಪಿಯರ್‌ನದು. ಮಿಕ್ಸಿಯ ತೆಳು ವಯರು ಅಷ್ಟು ವಿದ್ಯುತ್ತನ್ನು ತಡೆಯಲಾರದು. ಅದರಲ್ಲಿ ದೋಷವುಂಟಾಗಿ ಹೆಚ್ಚು ವಿದ್ಯುತ್ತು ಹರಿದರೂ ಗೋಡೆಯ ಪೆಟ್ಟಿಗೆಯ ದೃಷ್ಟಿಯಲ್ಲಿ ಅದು ಮಿತಿಯೊಳಗೇ ಇರಬಹುದು. ಆ ವಯರನ್ನು ಕಾಯುವ ಕೆಲಸ ಪ್ಲಗ್ಗಿನೊಳಗಿನ 3, 5 ಅಥವಾ 13 ಆಂಪಿಯರ್‌ನ ಪುಟ್ಟ ಫ್ಯೂಸಿನದು. ಊರಿನ ಪ್ಲಗ್ಗಿನಲ್ಲಿ ಫ್ಯೂಸ್ ಇಲ್ಲ. ನೆಲದ ಪಿನ್ನಿನ ತೂತಿಗೆ ಪೆನ್ನು ತುರುಕಿ, ಮುಚ್ಚಳ ಸರಿಸಿ, ಊರಿನ ಎರಡು ಪಿನ್ನಿನ ಪ್ಲಗ್ಗನ್ನು ನೇರವಾಗಿ ಒತ್ತುವ ರೂಢಿ ನಮ್ಮವರಲ್ಲಿ ವ್ಯಾಪಕವಾಗಿದೆ. ಅದರಿಂದ ಮೂರು ರಕ್ಷಣೆಗಳು ಒಟ್ಟಿಗೆ ಇಲ್ಲವಾಗುತ್ತವೆ: ಫ್ಯೂಸ್ ಇರುವುದಿಲ್ಲ, ಪಿನ್ನು ಬಿಗಿಯಾಗಿ ಕೂರುವುದಿಲ್ಲ, ಮಕ್ಕಳ ಬೆರಳನ್ನು ತಡೆಯಬೇಕಾದ ಮುಚ್ಚಳ ತೆರೆದೇ ಇರುತ್ತದೆ. ಸಡಿಲ ಸಂಪರ್ಕದಲ್ಲಿ ಕಿಡಿ ಹಾರುತ್ತದೆ, ಶಾಖ ಹುಟ್ಟುತ್ತದೆ, ಸಾಕೆಟ್ಟಿನ ಮುಖ ಕಂದುತ್ತದೆ. ಅಂಥ ಸಾಕೆಟ್ಟನ್ನು ಕಂಡು ಮಾಲೀಕರು ಇದು ನಿಮ್ಮದೇ ತಪ್ಪು ಎಂದರೆ ಅವರ ಮಾತಿನಲ್ಲಿ ಸತ್ಯವಿರುತ್ತದೆ.

ಭಾರತದಲ್ಲಿಯೂ ಇಲ್ಲಿಯೂ ಮನೆಬಳಕೆಯ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಆದ್ದರಿಂದ ಊರಿನ ಮಿಕ್ಸಿ, ಗ್ರೈಂಡರ್‌ಗಳಿಗೆ ಟ್ರಾನ್ಸ್‌ಫಾರ್ಮರ್ ಬೇಕಿಲ್ಲ. ಬೇಕಾದದ್ದು ಬ್ರಿಟಿಷ್ ಪ್ಲಗ್ಗು ಮತ್ತು ಉಪಕರಣಕ್ಕೆ ತಕ್ಕ ಫ್ಯೂಸ್. ತಿಳಿದವರಿಂದ ಒಮ್ಮೆ ಪ್ಲಗ್ಗು ಬದಲಿಸಿಕೊಂಡರೆ ಮುಗಿಯಿತು. ಪ್ರವಾಸಿಗರ ಅಡಾಪ್ಟರ್ ಮೊಬೈಲ್ ಚಾರ್ಜ್ ಮಾಡಲು ಸರಿ. ದಿನವೂ ರುಬ್ಬುವ ಯಂತ್ರಕ್ಕೆ ಅಲ್ಲ.

ಬಣ್ಣಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಊರಿನ ಮನೆಗಳಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಬ್ರಿಟನ್ನಿನಲ್ಲಿಯೂ ಹಿಂದೆ ಹೀಗೆಯೇ ಇತ್ತು. 2004ರಿಂದ ಬದಲಾವಣೆ ಆರಂಭವಾಗಿ 2006ರ ಬಳಿಕ ಹೊಸ ವೈರಿಂಗ್‌ನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ಥ್ ಕಡ್ಡಾಯವಾಯಿತು. ಊರಿನ ಮೂರು ಫೇಸ್ ವೈರಿಂಗ್‌ನಲ್ಲಿ ನೀಲಿಯೂ ಒಂದು ಫೇಸ್ ಎಂಬುದನ್ನು ನೆನೆದರೆ, ಊರಲ್ಲಿ ಕೈ ಪಳಗಿದವರೂ ಇಲ್ಲಿನ ಸ್ವಿಚ್‌ಬೋರ್ಡ್ ಬಿಚ್ಚಬಾರದು ಏಕೆ ಎಂಬುದು ತಿಳಿಯುತ್ತದೆ. ಹಳೆಯ ಮನೆಯಲ್ಲಿ ಎರಡೂ ಬಣ್ಣದ ಪದ್ಧತಿಗಳು ಒಟ್ಟಿಗೆ ಇರಬಹುದು. ಕೆಂಪು-ಕಪ್ಪು ತಂತಿ ಕಂಡಿತೆಂದ ಮಾತ್ರಕ್ಕೆ ಅದು ಅಪಾಯಕಾರಿ ಎಂದಲ್ಲ, ಹಳೆಯದು ಎಂದಷ್ಟೇ ಅರ್ಥ.

ಹೊರೆಯ ಲೆಕ್ಕ

ಉಪಕರಣದ ಮೇಲೆ ಬರೆದಿರುವ ವ್ಯಾಟ್ ಸಂಖ್ಯೆಯನ್ನು 230ರಿಂದ ಭಾಗಿಸಿದರೆ ಅದು ಎಳೆಯುವ ಆಂಪಿಯರ್ ಸಿಗುತ್ತದೆ. 2,000 ವ್ಯಾಟ್‌ನ ಹೀಟರ್ ಸುಮಾರು 8.7 ಆಂಪಿಯರ್, 700 ವ್ಯಾಟ್‌ನ ಅನ್ನದ ಕುಕ್ಕರ್ ಸುಮಾರು 3, 750 ವ್ಯಾಟ್‌ನ ಮಿಕ್ಸಿ ಸುಮಾರು 3.3. ಒಟ್ಟು 15 ಆಂಪಿಯರ್. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಎಷ್ಟೇ ತೂತುಗಳಿದ್ದರೂ ಅದರ ಒಟ್ಟು ಮಿತಿ 13 ಆಂಪಿಯರ್, ಅಂದರೆ ಸುಮಾರು 3,000 ವ್ಯಾಟ್. ಒಂದು ಕೆಟಲ್ ಒಂದೇ ಆ ಮಿತಿಯನ್ನು ತುಂಬಬಲ್ಲದು.

ಇಲ್ಲಿ ಬಹುಮಂದಿಗೆ ತಿಳಿಯದ ಒಂದು ಸಂಗತಿಯಿದೆ. 13 ಆಂಪಿಯರ್‌ನ ಫ್ಯೂಸ್ 15 ಆಂಪಿಯರ್ ಹರಿದೊಡನೆ ಸುಡುವುದಿಲ್ಲ. ಅಲ್ಪ ಪ್ರಮಾಣದ ಹೆಚ್ಚುವರಿ ಹೊರೆಯನ್ನು ಅದು ಬಹಳ ಹೊತ್ತು ಸಹಿಸುತ್ತದೆ. ಆ ಹೊತ್ತಿನಲ್ಲಿ ಪ್ಲಗ್ಗು, ಬೋರ್ಡು, ಸಾಕೆಟ್ಟುಗಳು ಬಿಸಿಯಾಗುತ್ತಿರುತ್ತವೆ. ಫ್ಯೂಸ್ ಹೋಗಲಿಲ್ಲ, ಆದ್ದರಿಂದ ಎಲ್ಲ ಸರಿಯಿದೆ ಎಂಬ ತರ್ಕ ತಪ್ಪು. ಕೈಗೆ ತಾಗುವ ಶಾಖವೇ ಮೊದಲ ಎಚ್ಚರಿಕೆ.

ಹೀಟರ್, ಕೆಟಲ್, ವಾಷಿಂಗ್ ಮೆಷಿನ್‌ಗಳನ್ನು ಗೋಡೆಯ ಸಾಕೆಟ್ಟಿಗೇ ಹಾಕಬೇಕು. ಒಂದು ಎಕ್ಸ್‌ಟೆನ್ಷನ್ನಿಗೆ ಇನ್ನೊಂದನ್ನು ಪೋಣಿಸಬಾರದು. ಸುರುಳಿ ಸುತ್ತುವ ರೀಲ್ ಮಾದರಿಯನ್ನು ಪೂರ್ತಿ ಬಿಚ್ಚಿಯೇ ಬಳಸಬೇಕು. ಸುತ್ತಿದ ತಂತಿಯಲ್ಲಿ ಶಾಖ ಹೊರಹೋಗಲು ದಾರಿಯಿರುವುದಿಲ್ಲ.

ಪೆಟ್ಟಿಗೆಯನ್ನು ಓದುವ ಬಗೆ

ಮೀಟರಿನ ಬಳಿ ಇರುವ ಪೆಟ್ಟಿಗೆಯನ್ನು ಇಲ್ಲಿ ಕನ್ಸ್ಯೂಮರ್ ಯೂನಿಟ್ ಎನ್ನುತ್ತಾರೆ. ಊರಿನ ಹಳೆಯ ಮನೆಗಳಲ್ಲಿ ಪಿಂಗಾಣಿಯ ಫ್ಯೂಸ್ ಕಿತ್ತು, ಸುಟ್ಟುಹೋದ ಎಳೆಯ ಜಾಗದಲ್ಲಿ ಹೊಸ ಎಳೆ ಕಟ್ಟುತ್ತಿದ್ದುದನ್ನು ಬಲ್ಲವರು ಅಂಥದೇ ಫ್ಯೂಸ್‌ಗಳನ್ನು ಇಲ್ಲಿನ ಕೆಲವು ಹಳೆಯ ಮನೆಗಳಲ್ಲಿಯೂ ಕಾಣಬಹುದು. ಹೊಸ ಪೆಟ್ಟಿಗೆಗಳಲ್ಲಿ ಎರಡು ಬಗೆಯ ಸ್ವಿಚ್ಚುಗಳಿರುತ್ತವೆ. ಸಣ್ಣ ಬ್ರೇಕರ್‌ಗಳು ಮಿತಿಮೀರಿದ ವಿದ್ಯುತ್ತನ್ನು ತಡೆದು ತಂತಿಯನ್ನು ಕಾಯುತ್ತವೆ. ‘ಟೆಸ್ಟ್’ ಎಂಬ ಗುಂಡಿಯಿರುವ ದೊಡ್ಡ ಸ್ವಿಚ್ಚು, ಅಂದರೆ ಆರ್‌ಸಿಡಿ, ಮನುಷ್ಯರನ್ನು ಕಾಯುತ್ತದೆ. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ ವ್ಯತ್ಯಾಸ ಕಂಡರೆ ಎಲ್ಲಿಯೋ ಸೋರಿಕೆಯಿದೆ ಎಂದು ತಿಳಿದು ಅದು ಕ್ಷಣಾರ್ಧದಲ್ಲಿ ಕಡಿತಗೊಳಿಸುತ್ತದೆ. ಮನೆಗಳಲ್ಲಿ ಈ ಮಿತಿ ಸಾಮಾನ್ಯವಾಗಿ 30 ಮಿಲಿಆಂಪಿಯರ್. ಆರು ತಿಂಗಳಿಗೊಮ್ಮೆ ಆ ಗುಂಡಿ ಒತ್ತಿ ನೋಡಬೇಕು. ಒತ್ತಿದಾಗ ಸ್ವಿಚ್ಚು ಬೀಳದಿದ್ದರೆ ಮಾಲೀಕರಿಗೆ ಕೂಡಲೇ ತಿಳಿಸಬೇಕು.

ಯಾವುದು ಬಿತ್ತು ಎಂಬುದರಲ್ಲಿಯೇ ಉತ್ತರದ ಸುಳಿವಿದೆ. ಸಣ್ಣ ಬ್ರೇಕರ್ ಬಿದ್ದರೆ ಅತಿಯಾದ ಹೊರೆ ಅಥವಾ ಷಾರ್ಟ್ ಸರ್ಕ್ಯೂಟ್. ಆರ್‌ಸಿಡಿ ಬಿದ್ದರೆ ಸೋರಿಕೆ. ಊರಿನಲ್ಲಿ ಹತ್ತು ವರ್ಷ ಓಡಿದ ಗ್ರೈಂಡರ್ ಇಲ್ಲಿ ಹಚ್ಚಿದೊಡನೆ ಆರ್‌ಸಿಡಿ ಬಿದ್ದರೆ ಮನೆಯ ವೈರಿಂಗನ್ನು ದೂರುವ ಮುನ್ನ ಯೋಚಿಸಬೇಕು. ನೀರು ಸೇರಿದ ಮೋಟಾರ್ ಅಲ್ಲಿಯೂ ಸೋರುತ್ತಿದ್ದಿರಬಹುದು. ಆರ್‌ಸಿಡಿ ಇಲ್ಲದ ಮನೆಯಲ್ಲಿ ಅದು ಯಾರಿಗೂ ತಿಳಿದಿರಲಾರದು.

ಪರೀಕ್ಷೆಯ ಕ್ರಮ ಸರಳ. ಎಲ್ಲ ಪ್ಲಗ್ಗುಗಳನ್ನೂ ಕಿತ್ತು, ಬಿದ್ದ ಸ್ವಿಚ್ಚನ್ನು ಮೇಲೆತ್ತಿ. ಅದು ನಿಂತರೆ ಉಪಕರಣಗಳನ್ನು ಒಂದೊಂದಾಗಿ ಹಾಕುತ್ತ ಬನ್ನಿ. ಯಾವುದು ಹಾಕಿದಾಗ ಬೀಳುತ್ತದೆಯೋ ಅದೇ ದೋಷಿ. ಏನೂ ಹಾಕದಿದ್ದಾಗಲೂ ಬಿದ್ದರೆ ದೋಷ ಗೋಡೆಯೊಳಗೆ ಅಥವಾ ಮನೆಯೊಂದಿಗೆ ಬಂದ ಸ್ಥಿರ ಉಪಕರಣಗಳಲ್ಲಿ ಇದೆ ಎಂದರ್ಥ. ಈ ಪರೀಕ್ಷೆಯ ದಿನಾಂಕವನ್ನೂ ಫಲಿತಾಂಶವನ್ನೂ ಬರೆದಿಡಿ. ಬಿದ್ದ ಸ್ವಿಚ್ಚನ್ನು ಮತ್ತೆ ಮತ್ತೆ ಬಲವಂತವಾಗಿ ಎತ್ತಬೇಡಿ, ಟೇಪು ಹಚ್ಚಿ ನಿಲ್ಲಿಸಬೇಡಿ.

ಸಾಕೆಟ್ಟು ಅಥವಾ ಸ್ವಿಚ್ಚು ಬಿಸಿಯಾಗುವುದು, ಕಂದು ಕಲೆ, ಸುಟ್ಟ ಪ್ಲಾಸ್ಟಿಕ್ಕಿನ ಅಥವಾ ಮೀನಿನಂಥ ವಾಸನೆ, ಚಟಪಟ ಸದ್ದು, ಮಿಣುಕುವ ದೀಪ, ನಲ್ಲಿ ಅಥವಾ ಉಪಕರಣ ಮುಟ್ಟಿದರೆ ಜುಮ್ಮೆನ್ನುವುದು, ಗೋಡೆಯಿಂದ ಸಡಿಲಗೊಂಡು ತಂತಿ ಕಾಣುವ ಸಾಕೆಟ್ಟು, ನೀರು ಸೋರುವ ಚಾವಣಿಯಲ್ಲಿನ ದೀಪ: ಇವುಗಳಲ್ಲಿ ಯಾವುದನ್ನೂ ನಾಳೆಗೆ ಬಿಡಬಾರದು. ಅಪಾಯವಿಲ್ಲದೆ ಮುಟ್ಟಲಾದರೆ ಪೆಟ್ಟಿಗೆಯಲ್ಲಿ ಆ ಸರ್ಕ್ಯೂಟನ್ನು, ತಿಳಿಯದಿದ್ದರೆ ಮೇನ್ ಸ್ವಿಚ್ಚನ್ನು ಆರಿಸಿ. ಹೊಗೆ ಅಥವಾ ಬೆಂಕಿ ಕಂಡರೆ ನೀರು ಎರಚದೆ ಹೊರಬಂದು 999ಕ್ಕೆ ಕರೆ ಮಾಡಿ. ಬೀದಿಗೇ ವಿದ್ಯುತ್ತು ಹೋಗಿದ್ದರೆ ಅಥವಾ ಮೀಟರಿನ ಆಚೆಗಿನ ಮುಖ್ಯ ತಂತಿಯಲ್ಲಿ ದೋಷ ಕಂಡರೆ 105 ಉಚಿತ ಸಂಖ್ಯೆ. ಮೀಟರ್ ಮತ್ತು ಮುಖ್ಯ ಫ್ಯೂಸಿನ ಮೊಹರನ್ನು ಮನೆಯ ಮಾಲೀಕರೂ ಒಡೆಯುವಂತಿಲ್ಲ.

ಕೆಲವು ದೋಷಗಳಿಗೆ ಲಕ್ಷಣವೇ ಇರುವುದಿಲ್ಲ. ರಿಂಗ್ ಸರ್ಕ್ಯೂಟ್ ಒಂದು ಕಡೆ ತುಂಡಾದರೂ ಎಲ್ಲ ಸಾಕೆಟ್ಟುಗಳಿಗೆ ಇನ್ನೊಂದು ಬದಿಯಿಂದ ವಿದ್ಯುತ್ತು ಬರುತ್ತಲೇ ಇರುತ್ತದೆ. ಎರಡು ದಾರಿಯಲ್ಲಿ ಹಂಚಿಹೋಗಬೇಕಿದ್ದ ಹೊರೆಯನ್ನು ಒಂದೇ ತಂತಿ ಹೊರುತ್ತದೆ. 32 ಆಂಪಿಯರ್‌ನ ಬ್ರೇಕರ್‌ಗೆ ಅದರ ಅರಿವಿರುವುದಿಲ್ಲ. ಅಳತೆಯ ಉಪಕರಣದಿಂದ ಮಾತ್ರ ಇದನ್ನು ಪತ್ತೆಹಚ್ಚಬಹುದು. ಐದು ವರ್ಷಕ್ಕೊಮ್ಮೆ ಪರೀಕ್ಷೆ ಬೇಕೆಂದು ಕಾನೂನು ವಿಧಿಸಿರುವುದಕ್ಕೆ ಇಂಥ ದೋಷಗಳೂ ಒಂದು ಕಾರಣ.

ಕಾನೂನು ಹೇಳುವುದೇನು

1985ರ ಮಾಲೀಕ ಮತ್ತು ಬಾಡಿಗೆದಾರರ ಕಾಯಿದೆಯ 11ನೆಯ ವಿಧಿಯ ಪ್ರಕಾರ ನೀರು, ಅನಿಲ ಮತ್ತು ವಿದ್ಯುತ್ ಪೂರೈಕೆಯ ವ್ಯವಸ್ಥೆಯನ್ನು ದುರಸ್ತಿಯಲ್ಲಿಡುವುದು ಮಾಲೀಕರ ಹೊಣೆ. ಕರಾರುಪತ್ರದಲ್ಲಿ ಬೇರೆ ಏನೇ ಬರೆದಿದ್ದರೂ ಈ ಹೊಣೆ ತಪ್ಪುವುದಿಲ್ಲ. 2018ರಲ್ಲಿ ಬಂದ ಇನ್ನೊಂದು ಕಾಯಿದೆ ಮನೆ ವಾಸಯೋಗ್ಯವಾಗಿರಬೇಕೆಂದು ವಿಧಿಸಿ, ಇಲ್ಲವಾದರೆ ಬಾಡಿಗೆದಾರರೇ ನ್ಯಾಯಾಲಯಕ್ಕೆ ಹೋಗಲು ಅವಕಾಶ ಕೊಟ್ಟಿತು. 2004ರ ವಸತಿ ಕಾಯಿದೆಯಡಿ ಕೌನ್ಸಿಲ್ ಮನೆಗಳಲ್ಲಿನ 29 ಬಗೆಯ ಅಪಾಯಗಳನ್ನು ಅಳೆಯುತ್ತದೆ; ವಿದ್ಯುತ್ ಅಪಾಯ ಅವುಗಳಲ್ಲಿ ಒಂದು.

ಖಾಸಗಿ ಬಾಡಿಗೆದಾರರಿಗೆ ಅತ್ಯಂತ ಉಪಯುಕ್ತವಾದದ್ದು 2020ರ ವಿದ್ಯುತ್ ಸುರಕ್ಷತಾ ನಿಯಮಾವಳಿ. 2020 ಜುಲೈ 1ರಿಂದ ಹೊಸ ಕರಾರುಗಳಿಗೆ, 2021 ಏಪ್ರಿಲ್ 1ರಿಂದ ಹಳೆಯ ಕರಾರುಗಳಿಗೂ ಇದು ಅನ್ವಯಿಸಿತು. ಇದರ ಸಾರ ಹೀಗಿದೆ. ಕನಿಷ್ಠ ಐದು ವರ್ಷಕ್ಕೊಮ್ಮೆ ಅರ್ಹ ಪರೀಕ್ಷಕರಿಂದ ವೈರಿಂಗ್ ಪರೀಕ್ಷೆಯಾಗಬೇಕು. ಇಐಸಿಆರ್ ಎಂದು ಕರೆಯಲಾಗುವ ವರದಿಯ ಪ್ರತಿಯನ್ನು ಇರುವ ಬಾಡಿಗೆದಾರರಿಗೆ ಪರೀಕ್ಷೆಯಾದ 28 ದಿನಗಳೊಳಗೆ, ಹೊಸಬರಿಗೆ ಮನೆ ಸೇರುವ ಮೊದಲೇ ಕೊಡಬೇಕು. ದೋಷಗಳನ್ನು 28 ದಿನಗಳೊಳಗೆ, ವರದಿ ಅದಕ್ಕಿಂತ ಕಡಿಮೆ ಅವಧಿ ಹೇಳಿದ್ದರೆ ಅಷ್ಟರೊಳಗೆ, ಸರಿಪಡಿಸಿ ಲಿಖಿತ ದೃಢೀಕರಣ ಕೊಡಬೇಕು. ಮಾಲೀಕರು ಹೊಣೆ ಮರೆತರೆ ಕೌನ್ಸಿಲ್ ನೋಟಿಸು ಕೊಡಬಹುದು, ಬಾಡಿಗೆದಾರರ ಒಪ್ಪಿಗೆಯಿಂದ ತಾನೇ ಕೆಲಸ ಮಾಡಿಸಿ ಖರ್ಚನ್ನು ಮಾಲೀಕರಿಂದ ವಸೂಲು ಮಾಡಬಹುದು. ನಿಯಮಾವಳಿ ಜಾರಿಗೆ ಬಂದಾಗ ದಂಡದ ಮಿತಿ 30,000 ಪೌಂಡ್‌ವರೆಗೆ ಇತ್ತು. 2025ರ ತಿದ್ದುಪಡಿ ಈ ನಿಯಮಾವಳಿಯನ್ನು ಹೌಸಿಂಗ್ ಅಸೋಸಿಯೇಷನ್ ಮುಂತಾದ ಸಾಮಾಜಿಕ ವಸತಿಗೂ ವಿಸ್ತರಿಸಿದೆ.

ಮಾಲೀಕರ ಜೊತೆ ಅದೇ ಮನೆಯಲ್ಲಿ ಕೋಣೆ ಹಂಚಿಕೊಂಡಿರುವವರಿಗೆ, ವಿದ್ಯಾರ್ಥಿ ವಸತಿನಿಲಯದಲ್ಲಿರುವವರಿಗೆ ಈ ನಿಯಮಾವಳಿ ಅನ್ವಯಿಸುವುದಿಲ್ಲ. ಆದರೆ ಒಂದೇ ಕುಟುಂಬಕ್ಕೆ ಸೇರದ ಐದು ಅಥವಾ ಹೆಚ್ಚು ಜನ ಅಡುಗೆಮನೆ, ಬಚ್ಚಲು ಹಂಚಿಕೊಂಡು ಬಾಡಿಗೆಗಿರುವ ಮನೆಗೆ ಕೌನ್ಸಿಲ್ಲಿನ ಪರವಾನಗಿ ಬೇಕು ಎಂಬುದನ್ನು ಹೊಸದಾಗಿ ಬಂದ ದಾದಿಯರು ನೆನಪಿಡಬೇಕು.

ವರದಿಯಲ್ಲಿನ ಸಂಕೇತಗಳನ್ನು ಓದಲು ಕಲಿಯುವುದು ಕಷ್ಟವಲ್ಲ. ಸಿ1 ಎಂದರೆ ಈಗಲೇ ಅಪಾಯವಿದೆ. ಸಿ2 ಎಂದರೆ ಅಪಾಯದ ಸಂಭವವಿದೆ. ಎಫ್‌ಐ ಎಂದರೆ ತಡಮಾಡದೆ ಇನ್ನಷ್ಟು ಪರಿಶೀಲಿಸಬೇಕು. ಈ ಮೂರರಲ್ಲಿ ಒಂದಿದ್ದರೂ ವರದಿಯ ಫಲಿತಾಂಶ ‘ಅತೃಪ್ತಿಕರ’ ಎಂದಾಗುತ್ತದೆ, ಮಾಲೀಕರು ಕ್ರಮ ಕೈಗೊಳ್ಳಲೇಬೇಕು. ಸಿ3 ಎಂದರೆ ಸುಧಾರಣೆ ಒಳ್ಳೆಯದು ಎಂಬ ಸಲಹೆ ಮಾತ್ರ.

ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಬೇಕು. ‘ಕೆಟ್ಟ’ ವೈರಿಂಗ್ ಬೇರೆ, ‘ಸಾಲದ’ ವೈರಿಂಗ್ ಬೇರೆ. ಕೋಣೆಗೆ ಒಂದೇ ಸಾಕೆಟ್ಟು ಇರುವುದು ಅನನುಕೂಲ; ಅದೊಂದೇ ಕಾರಣಕ್ಕೆ ಅದು ದುರಸ್ತಿಯ ವಿಷಯವಾಗುವುದಿಲ್ಲ. ಇದ್ದದ್ದನ್ನು ಸರಿಯಾಗಿಡುವುದು ಮಾಲೀಕರ ಕರ್ತವ್ಯ, ಇಲ್ಲದ್ದನ್ನು ಸೇರಿಸುವುದು ಸಾಮಾನ್ಯವಾಗಿ ಅವರ ಇಚ್ಛೆ. ಆದ್ದರಿಂದ ಸಾಕೆಟ್ಟುಗಳನ್ನು ಎಣಿಸಬೇಕಾದದ್ದು ಮನೆ ನೋಡಲು ಹೋದ ದಿನ. ಅಡುಗೆಮನೆಯ ಕಟ್ಟೆಯ ಮೇಲೆ ಎಷ್ಟಿವೆ, ಪೆಟ್ಟಿಗೆಯಲ್ಲಿ ಆರ್‌ಸಿಡಿ ಇದೆಯೇ, ವರದಿಯ ದಿನಾಂಕ ಯಾವುದು ಎಂದು ಅಂದೇ ಕೇಳಿ. ಸೇರಿದ ಮೇಲೆ ಹೆಚ್ಚುವರಿ ಸಾಕೆಟ್ಟು ಬೇಕಾದರೆ ಲಿಖಿತ ಅನುಮತಿ ಪಡೆದು, ಎನ್‌ಐಸಿಇಐಸಿ ಅಥವಾ ನ್ಯಾಪಿಟ್‌ನಂಥ ಸಂಸ್ಥೆಯಲ್ಲಿ ನೋಂದಾಯಿತರಾದ ಎಲೆಕ್ಟ್ರಿಷಿಯನ್‌ರಿಂದ ಮಾಡಿಸಬೇಕು.

ದೂರು ಹೇಳುವ ಕ್ರಮ

ಮಾಲೀಕರ ದುರಸ್ತಿಯ ಹೊಣೆ ಅವರಿಗೆ ವಿಷಯ ತಿಳಿದ ಕ್ಷಣದಿಂದ ಆರಂಭವಾಗುತ್ತದೆ. ಆದ್ದರಿಂದ ಫೋನಿನಲ್ಲಿ ಹೇಳಿದ್ದನ್ನು ಇಮೇಲ್‌ನಲ್ಲಿಯೂ ಬರೆಯಬೇಕು. ಪತ್ರ ಚಿಕ್ಕದಾಗಿದ್ದರೆ ಸಾಕು: ವಿಳಾಸ, ದೋಷ ಯಾವ ಕೋಣೆಯಲ್ಲಿ ಎಂದಿನಿಂದ ಇದೆ, ನೀವು ಮಾಡಿದ ಪರೀಕ್ಷೆಯ ಫಲಿತಾಂಶ, ಚಿತ್ರಗಳು, ಇತ್ತೀಚಿನ ಇಐಸಿಆರ್ ಪ್ರತಿಗಾಗಿ ಕೋರಿಕೆ, ಉತ್ತರಕ್ಕೆ ಒಂದು ದಿನಾಂಕ. ಮನೆಯಲ್ಲಿ ಮಗುವಿದ್ದರೆ, ಗರ್ಭಿಣಿಯಿದ್ದರೆ, ವಿದ್ಯುತ್ತಿನಿಂದ ನಡೆಯುವ ವೈದ್ಯಕೀಯ ಉಪಕರಣವಿದ್ದರೆ ಅದನ್ನೂ ಬರೆಯಿರಿ. ಎಲೆಕ್ಟ್ರಿಷಿಯನ್ ಬರುವ ದಿನ ಒಳಗೆ ಬಿಡಲು ಸಿದ್ಧರಿರಿ. ಪರಿಶೀಲನೆಗೆ ಬರಲು 24 ಗಂಟೆಗಳ ಲಿಖಿತ ಸೂಚನೆ ಕೊಟ್ಟ ಮಾಲೀಕರಿಗೆ ಬಾಗಿಲು ತೆರೆಯದಿದ್ದರೆ ನಿಮ್ಮ ದೂರೇ ದುರ್ಬಲವಾಗುತ್ತದೆ.

ಉತ್ತರ ಬಾರದಿದ್ದರೆ ಅಥವಾ ಮಾತು ಮಾತಾಗಿಯೇ ಉಳಿದರೆ ಖಾಸಗಿ ಬಾಡಿಗೆದಾರರು ಮ್ಯಾಂಚೆಸ್ಟರ್ ಸಿಟಿ ಕೌನ್ಸಿಲ್‌ನ ವಸತಿ ವಿಭಾಗಕ್ಕೆ ದೂರು ಕೊಡಬಹುದು. ಹೌಸಿಂಗ್ ಅಸೋಸಿಯೇಷನ್‌ನ ಬಾಡಿಗೆದಾರರು ಮೊದಲು ಅದರ ದೂರು ವ್ಯವಸ್ಥೆಯನ್ನು ಪೂರೈಸಿ, ಬಳಿಕ ಹೌಸಿಂಗ್ ಓಂಬುಡ್ಸ್‌ಮನ್ ಬಳಿಗೆ ಹೋಗಬೇಕು. ಮ್ಯಾಂಚೆಸ್ಟರ್‌ಗೆ ಹತ್ತಿರದ ರಾಚ್‌ಡೇಲ್‌ನಲ್ಲಿ 2020ರ ಡಿಸೆಂಬರ್‌ನಲ್ಲಿ ಬೂಷ್ಟಿನ ಮನೆಯಲ್ಲಿದ್ದ ಎರಡು ವರ್ಷದ ಮಗು ಅವಾಬ್ ಇಶಾಕ್ ತೀರಿಕೊಂಡಿತು. ಹೆತ್ತವರು ದೂರು ಕೊಟ್ಟಿದ್ದರು, ದೂರಿಗೆ ಬೆಲೆ ಬಂದಿರಲಿಲ್ಲ. ಆ ಮಗುವಿನ ಹೆಸರಿನ ಕಾನೂನು 2025ರ ಅಕ್ಟೋಬರ್‌ನಿಂದ ಸಾಮಾಜಿಕ ವಸತಿಯಲ್ಲಿ ತುರ್ತು ಅಪಾಯಗಳಿಗೆ 24 ಗಂಟೆಗಳೊಳಗೆ ಸ್ಪಂದಿಸಬೇಕೆಂದು ವಿಧಿಸಿದೆ. ಸಲಹೆಗೆ ಸಿಟಿಜನ್ಸ್ ಅಡ್ವೈಸ್ ಮತ್ತು ಶೆಲ್ಟರ್ ಸಂಸ್ಥೆಗಳಿವೆ, ಎರಡೂ ಉಚಿತ.

ಎಷ್ಟೇ ಕೋಪ ಬಂದರೂ ಬಾಡಿಗೆ ಕೊಡುವುದನ್ನು ನಿಲ್ಲಿಸಬಾರದು. ಬಾಕಿ ಉಳಿಸಿಕೊಂಡ ಬಾಡಿಗೆ ನಿಮ್ಮನ್ನು ಮನೆಯಿಂದ ಬಿಡಿಸಲು ಮಾಲೀಕರಿಗೆ ಸಿಗುವ ಸುಲಭ ಕಾರಣ.

ಭಯ ಮತ್ತು ದಾಕ್ಷಿಣ್ಯ

ನಿಯಮಗಳು ಇಷ್ಟಿದ್ದರೂ ನಮ್ಮವರು ದೂರು ಕೊಡುವುದು ಅಪರೂಪ. ಅದಕ್ಕೆ ಕಾರಣ ನಿಯಮಗಳ ಅಜ್ಞಾನ ಮಾತ್ರವಲ್ಲ.

ಮೊದಲ ಕಾರಣ ವೀಸಾದ ಭಯ. ಸಾರ್ವಜನಿಕ ನೆರವು ಪಡೆಯುವಂತಿಲ್ಲ ಎಂಬ ಷರತ್ತು ವೀಸಾದ ಮೇಲಿರುವುದರಿಂದ ಕೌನ್ಸಿಲ್ ಎಂಬ ಹೆಸರು ಕೇಳಿದರೇ ಹಿಂಜರಿಯುವವರಿದ್ದಾರೆ. ಆ ಷರತ್ತು ಕೆಲವು ಭತ್ಯೆಗಳಿಗೆ ಮತ್ತು ವಸತಿ ನೆರವಿಗೆ ಸಂಬಂಧಿಸಿದ್ದು. ಅಪಾಯಕಾರಿ ಮನೆಯನ್ನು ಪರೀಕ್ಷಿಸಿ ಎಂದು ಕೋರುವುದು ನೆರವು ಪಡೆಯುವುದಲ್ಲ. ಎರಡನೆಯದು ಮನೆ ಬಿಡಿಸುವ ಭಯ. ಕಾರಣ ಹೇಳದೆಯೇ ಮನೆ ಬಿಡಿಸಲು ದಾರಿಯಾಗಿದ್ದ 21ನೆಯ ವಿಧಿಯನ್ನು 2025ರ ಬಾಡಿಗೆದಾರರ ಹಕ್ಕುಗಳ ಕಾಯಿದೆ ರದ್ದುಪಡಿಸಿದೆ. ಖಾಸಗಿ ಬಾಡಿಗೆಗಳಲ್ಲಿ ಅದು ಜಾರಿಗೆ ಬರುವ ದಿನ 2026 ಮೇ 1.

ಮೂರನೆಯದು ಯಾವ ಕಾಯಿದೆಯಲ್ಲಿಯೂ ಇಲ್ಲದ್ದು. ಅನೇಕ ವೇಳೆ ಮನೆ ಸಿಗುವುದು ಪರಿಚಯದವರ ಮೂಲಕ, ಮಾಲೀಕರು ನಮ್ಮ ಕಡೆಯವರೇ. ಬಂದ ಹೊಸತರಲ್ಲಿ ಊಟ ಹಾಕಿದವರು, ಬ್ಯಾಂಕ್ ಖಾತೆ ತೆರೆಯಲು ಜೊತೆಗೆ ಬಂದವರು, ಯುಗಾದಿಗೆ ಕರೆಯುವವರು. ಅವರ ಮನೆಯ ಸಾಕೆಟ್ಟಿನ ಬಗ್ಗೆ ಬರಹದಲ್ಲಿ ದೂರು ಕೊಡುವುದು ಉಂಡ ಮನೆಗೆ ಎರಡು ಬಗೆದಂತೆ ಎಂಬ ಅಳುಕು ಸಹಜ. ಆದರೆ ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂದವರೂ ನಮ್ಮ ಹಿರಿಯರೇ. ಕಂದಿದ ಸಾಕೆಟ್ಟಿಗೆ ನೆಂಟಸ್ತಿಕೆ ತಿಳಿಯದು. ಇಂಥಲ್ಲಿ ಮಾತನ್ನು ಹೀಗೆ ಆರಂಭಿಸಬಹುದು: ‘ಅಣ್ಣ, ಅಡುಗೆಮನೆಯ ಸಾಕೆಟ್ಟು ಬಿಸಿಯಾಗುತ್ತಿದೆ. ನಿಮ್ಮ ಮನೆಗೂ ತೊಂದರೆ, ನಮಗೂ ತೊಂದರೆ. ಐದು ವರ್ಷದ ವರದಿ ಒಮ್ಮೆ ನೋಡೋಣವೇ?’ ಮಾತಾದ ಮೇಲೆ ಅದನ್ನೇ ಎರಡು ಸಾಲಿನಲ್ಲಿ ಬರೆದು ಕಳಿಸಬೇಕು. ಒಳ್ಳೆಯ ಮಾಲೀಕರು ಇದನ್ನು ಅವಮಾನವೆಂದು ತಿಳಿಯುವುದಿಲ್ಲ. ದಂಡದಿಂದಲೂ ಬೆಂಕಿಯಿಂದಲೂ ಅವರ ಆಸ್ತಿಯನ್ನು ಉಳಿಸುವ ಮಾತು ಇದು. ನಮ್ಮವರಲ್ಲಿ ಈಗ ಮನೆ ಕೊಂಡು ಬಾಡಿಗೆಗೆ ಕೊಡುತ್ತಿರುವವರೂ ಇದ್ದಾರೆ. ವರದಿಯನ್ನು ಬಾಡಿಗೆದಾರರು ಕೇಳುವ ಮೊದಲೇ ಕೊಡುವುದು ಅವರಿಗೆ ಶೋಭೆ.

ಈ ವಾರವೇ ಮಾಡಬಹುದಾದ ಕೆಲಸಗಳು ನಾಲ್ಕು. ಹೊಗೆ ಎಚ್ಚರಿಕೆಯ ಗಂಟೆಯ ಗುಂಡಿ ಒತ್ತಿ ನೋಡಿ. ಬಾಡಿಗೆ ಮನೆಯ ಪ್ರತಿ ವಾಸದ ಅಂತಸ್ತಿನಲ್ಲಿಯೂ ಅದು ಇರಬೇಕು. ಆರ್‌ಸಿಡಿಯ ಗುಂಡಿ ಒತ್ತಿ ನೋಡಿ. ಹೀಟರ್ ಅರ್ಧ ಗಂಟೆ ಉರಿದ ಬಳಿಕ ಅದನ್ನು ಆರಿಸಿ ಪ್ಲಗ್ಗಿನ ಬಳಿ ಕೈಯಿಟ್ಟು ನೋಡಿ. ಇಐಸಿಆರ್ ಪ್ರತಿ ನಿಮ್ಮ ಬಳಿ ಇಲ್ಲದಿದ್ದರೆ ಇಂದೇ ಕೇಳಿ. ಇಷ್ಟಕ್ಕೆ ಹತ್ತು ನಿಮಿಷವೂ ಒಂದು ಇಮೇಲೂ ಸಾಕು. ಮಿಕ್ಸಿ ಹಚ್ಚಿದಾಗ ಮನೆ ಕತ್ತಲಾಗುವುದನ್ನು ಪರದೇಶದ ಬದುಕಿನ ಒಂದು ಅಂಗವೆಂದು ಒಪ್ಪಿಕೊಳ್ಳಬೇಕಾಗಿಲ್ಲ.